530 ರೂಪಾಯಿ ಕೊಟ್ಟು ತರಿಸಿಕೊಂಡ ತಪ್ಪುಗಳು

ಸೆಕೆಂಡ್ ಪಿಯುಸಿ ರಿಸಲ್ಟ್ ಬಂದ ದಿನ ನಾನು ಅಪ್ಪನ ಅಂಗಡಿಯಲ್ಲಿದ್ದೆ. ಮಂಡ್ಯದಲ್ಲಿ ನಮ್ಮದು ಸಣ್ಣ ಬ್ಯಾಟರಿ ಅಂಗಡಿ. ಬೈಕು, ಟ್ರಾಕ್ಟರ್, ಯುಪಿಎಸ್, ಎಲ್ಲದರ ಬ್ಯಾಟರಿಯೂ ಬರುತ್ತದೆ. ಮೊಬೈಲಿನಲ್ಲಿ ರಿಜಿಸ್ಟರ್ ನಂಬರ್ ಹಾಕಿ ಹದಿನೈದು ನಿಮಿಷ ಸುತ್ತುವ ಚಕ್ರ ನೋಡಿದೆ. ಕೊನೆಗೆ ತೆರೆಯಿತು. ಕನ್ನಡ ಚೆನ್ನಾಗಿ ಬಂದಿತ್ತು. ಬಯಾಲಜಿ, ಮ್ಯಾಥ್ಸ್ ಪಾಸು. ಫಿಸಿಕ್ಸ್ ಅಂಚಿನಲ್ಲಿ ಪಾಸು. ಕೆಮಿಸ್ಟ್ರಿ ಡುಮ್ಕಿ. ಥಿಯರಿಯಲ್ಲಿ 70ಕ್ಕೆ 16.

ಅಪ್ಪ ತಲೆ ಎತ್ತದೆ ಕೇಳಿದ. "ಎಷ್ಟ್ರಲ್ಲಿ ಹೋಯ್ತವ್ವ?"

"ಒಂದ್ರಲ್ಲಿ."

"ಒಂದೇ ತಾನೆ, ಕಟ್ಟಿದ್ರಾಯ್ತು ಬುಡು," ಅಂದವನೇ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕುವ ಕೆಲಸಕ್ಕೆ ವಾಪಸ್ ಹೋದ. ನಾನು ಅಂಗಡಿ ಹಿಂದೆ ಹೋಗಿ ಹಳೇ ಬ್ಯಾಟರಿಗಳ ಮಧ್ಯೆ ನಿಂತು ಅತ್ತೆ. ಅವ್ವನಿಗೆ ಹೇಳುವ ಧೈರ್ಯ ಬರಲು ಸಂಜೆಯಾಯಿತು.

ಈಗ ಎಲ್ಲ ಮುಗಿದಿದೆ. ಮುಂದೆ ಎಕ್ಸಾಮ್ 2 (ಫೇಲಾದವರು ಮತ್ತೆ ಬರೆಯುವ ಪರೀಕ್ಷೆ) ಕಟ್ಟುವವರಿಗೆ, ಅದರಲ್ಲೂ "ಈ ಸಮೀಕರಣಗಳನ್ನು ಕೂಡಿಸಿ ಒಟ್ಟು ಕ್ರಿಯೆ ಬರೆಯಿರಿ" ಅನ್ನುವ ಪ್ರಶ್ನೆ ಕಂಡರೆ ಕೈ ನಡುಗುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮೊಬೈಲಿನಲ್ಲಿ ಟೈಪ್ ಮಾಡುತ್ತಿದ್ದೇನೆ, ಸೂತ್ರಗಳ ಕೆಳಗಿನ ಪುಟ್ಟ ಅಂಕಿ ಹಾಕಲು ನನಗೆ ಬರುವುದಿಲ್ಲ. ಅದಕ್ಕೆ ಸೂತ್ರದ ಬದಲು ಹೆಸರನ್ನೇ ಬರೆಯುತ್ತೇನೆ. ಪರೀಕ್ಷೆಯಲ್ಲಿ ನೀವು ಹಾಗೆ ಮಾಡಬೇಡಿ.

ಮಾರನೇ ದಿನ ಸೈಬರ್ ಸೆಂಟರ್‌ಗೆ ಹೋದೆ. ನನ್ನ ಲೆಕ್ಕದಲ್ಲಿ ಇನ್ನೂ ಹತ್ತು ಮಾರ್ಕ್ಸ್ ಬರಬೇಕಿತ್ತು. ಕೂಡುವಾಗ ತಪ್ಪಾಗಿರಬೇಕು ಅಂತಲೇ ನಂಬಿದ್ದೆ. ಅದನ್ನು ನೋಡಲು ಮೊದಲು ಉತ್ತರ ಪತ್ರಿಕೆಯ ಸ್ಕ್ಯಾನ್ಡ್ ಕಾಪಿಗೆ ಅರ್ಜಿ ಹಾಕಬೇಕು. ಒಂದು ಸಬ್ಜೆಕ್ಟಿಗೆ 530 ರೂಪಾಯಿ ಕಟ್ಟಿದೆ. ರೀವ್ಯಾಲ್ಯುಯೇಷನ್ ಬೇಕಾದರೆ ಅದಕ್ಕೆ ಬೇರೆ 1670. ಸ್ಕ್ಯಾನ್ಡ್ ಕಾಪಿ ತೆಗೆದುಕೊಳ್ಳದೆ ನೇರವಾಗಿ ರೀವ್ಯಾಲ್ಯುಯೇಷನ್ ಹಾಕಲು ಆಗುವುದಿಲ್ಲ. ಇದು ಗೊತ್ತಿಲ್ಲದೆ ನನ್ನ ಗೆಳತಿಯೊಬ್ಬಳು ಪೂರ್ತಿ 1670 ಕೈಯಲ್ಲಿ ಹಿಡಿದುಕೊಂಡು ಬಂದಿದ್ದಳು. ಸೈಬರ್‌ನವನಿಗೆ 50 ರೂಪಾಯಿ ಬೇರೆ.

ಅಲ್ಲೊಂದು ಎಡವಟ್ಟಾಯಿತು. ಓಟಿಪಿ ಹೋಗುವುದು ಅಪ್ಪನ ಹಳೇ ನಂಬರಿಗೆ. ಆ ಸಿಮ್ ಇದ್ದದ್ದು ಅಂಗಡಿಯ ಡ್ರಾಯರಿನಲ್ಲಿ ಒಂದು ಬಟನ್ ಫೋನಿನ ಒಳಗೆ, ಚಾರ್ಜ್ ಇಲ್ಲದೆ. ಊರಿಗೆಲ್ಲ ಚಾರ್ಜ್ ಮಾಡಿಕೊಡುವವರ ಮನೆಯ ಫೋನು ಸತ್ತು ಬಿದ್ದಿತ್ತು. ಓಡಿ ಹೋಗಿ ತಂದು, ಚಾರ್ಜಿಗೆ ಹಾಕಿ, ಮತ್ತೆ ಸರದಿಯಲ್ಲಿ ನಿಂತು ಮುಗಿಸುವಷ್ಟರಲ್ಲಿ ಮಧ್ಯಾಹ್ನ ಎರಡೂವರೆ. ಹೋಗುವ ಮುಂಚೆ ಯಾವ ನಂಬರ್ ಕೊಟ್ಟಿದ್ದೀರಿ ಅಂತ ನೋಡಿಕೊಂಡು ಹೋಗಿ.

ಇನ್ನೊಂದು ಮುಖ್ಯ ವಿಷಯ. ಸ್ಕ್ಯಾನ್ಡ್ ಕಾಪಿ ಬರಲಿ, ಆಮೇಲೆ ಎಕ್ಸಾಮ್ 2 ಫೀ ಕಟ್ಟೋಣ ಅಂತ ಕಾಯಬೇಡಿ. ನನಗೆ ಕಾಪಿ ಸಿಗುವ ಹೊತ್ತಿಗೆ ಫೀ ಕಟ್ಟುವ ದಿನ ಮುಗಿದೇ ಹೋಗಿತ್ತು. ಕಾಲೇಜಿನ ಆಫೀಸಿನಲ್ಲಿದ್ದ ಮೇಡಂ ಒಬ್ಬರು "ಮೊದ್ಲು ಫೀ ಕಟ್ಟು ಮಗಳೇ, ಪಾಸಾದ್ರೆ ಹೋಗದೆ ಇರು" ಅಂದಿದ್ದರಿಂದ ನಾನು ಬಚಾವಾದೆ. ರಿಸಲ್ಟಿಗೂ ಎಕ್ಸಾಮ್ 2ಕ್ಕೂ ಮಧ್ಯೆ ಎರಡೂವರೆ ವಾರ ಅಷ್ಟೇ ಇತ್ತು.

ಕಾಪಿ ಬಂದ ರಾತ್ರಿ ಎಲ್ಲರೂ ಮಲಗಿದ ಮೇಲೆ ಮೊಬೈಲಿನಲ್ಲಿ ತೆರೆದೆ. ನಮ್ಮದೇ ಅಕ್ಷರ, ಅದರ ಮೇಲೆ ಯಾರದೋ ಕೆಂಪು ಗೆರೆ. ಮೊದಲು ಮಾರ್ಕ್ಸ್ ಕೂಡಿದೆ. ಸರಿಯಾಗಿತ್ತು. ಎರಡನೇ ಸಲ ಕೂಡಿದೆ. ಆಗಲೂ 16. ಮೌಲ್ಯಮಾಪಕರ ಮೇಲೆ ಇಟ್ಟುಕೊಂಡಿದ್ದ ಸಿಟ್ಟನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

ಆಮೇಲೆ ಒಂದೊಂದೇ ಪುಟ ನೋಡಿದೆ. ಗೊತ್ತಿಲ್ಲದೆ ಬಿಟ್ಟಿದ್ದು ಕೆಲವು. ಆದರೆ ಜಾಸ್ತಿ ಮಾರ್ಕ್ಸ್ ಹೋಗಿದ್ದು ಗೊತ್ತಿದೆ ಅಂದುಕೊಂಡು ಬರೆದಿದ್ದರಲ್ಲಿ. ಮೆಗ್ನೀಷಿಯಂ ಮತ್ತು ಬೆಳ್ಳಿಯ ಸೆಲ್, ಲೆಡ್ ಬ್ಯಾಟರಿ, ಹೈಡ್ರೋಜನ್ ಪೆರಾಕ್ಸೈಡ್ ಒಡೆಯುವ ಹಂತಗಳು. ಮೂರು ಬೇರೆ ಬೇರೆ ಪ್ರಶ್ನೆ, ತಪ್ಪು ಒಂದೇ. ಎರಡು ಸಮೀಕರಣ ಕೊಟ್ಟರೆ ಅದನ್ನು ಕೂಡಿಸಲು ನನಗೆ ಬರುತ್ತಿರಲಿಲ್ಲ. ಎರಡೂ ಕಡೆ ಒಂದೇ ಹೆಸರು ಕಂಡರೆ ಸುಮ್ನೆ ಗೆರೆ ಎಳೆದು ಹೊಡೆದು ಹಾಕುತ್ತಿದ್ದೆ. ಬ್ಯಾಟರಿ ಅಂಗಡಿಯವನ ಮಗಳಿಗೆ ಬ್ಯಾಟರಿ ಪ್ರಶ್ನೆಯಲ್ಲಿ ಸೊನ್ನೆ. ಇದನ್ನು ಅಪ್ಪನಿಗೆ ಹೇಳಲಿಲ್ಲ.

ಟ್ಯೂಷನ್‌ಗೆ ವಿಚಾರಿಸಿದೆ. ಎರಡು ವಾರದ ಕ್ರ್ಯಾಶ್ ಕೋರ್ಸ್ ಅಂತ ಹೇಳಿದ ದುಡ್ಡು ಕೇಳಿ ಸೈಕಲ್ ತಿರುಗಿಸಿಕೊಂಡು ಬಂದೆ. ಆಗ ಅವ್ವ ನೆನಪಿಸಿದಳು, ಅತ್ತೆ ಮಗಳು ಮೈಸೂರಿನಲ್ಲಿ ಇದ್ದಾಳಲ್ಲ. ಅಕ್ಕ ಮಾನಸಗಂಗೋತ್ರಿಯಲ್ಲಿ ಎಂಎಸ್ಸಿ ಕೆಮಿಸ್ಟ್ರಿ ಓದುತ್ತಿದ್ದಾಳೆ. ಫೋನ್ ಮಾಡಿದರೆ, "ದಿನಾ ಬರ್ಬೇಡ, ನಾಲ್ಕ್ ಸಲ ಬಾ. ಮಧ್ಯೆ ನೀನೇ ಮಾಡ್ಬೇಕು" ಅಂದಳು.

ಮಂಡ್ಯದಿಂದ ಮೈಸೂರಿಗೆ ಸರ್ಕಾರಿ ಬಸ್ಸು. ಶಕ್ತಿ ಯೋಜನೆ ಇರುವುದರಿಂದ ನನಗೆ ಟಿಕೆಟ್ ದುಡ್ಡಿಲ್ಲ, ಆಧಾರ್ ತೋರಿಸಿದರೆ ಸಾಕು. ಮೊದಲ ದಿನ ಆಧಾರ್ ಮನೆಯಲ್ಲೇ ಬಿಟ್ಟು ಹತ್ತಿ ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡೆ, ಅದು ನನ್ನ ಬುದ್ಧಿವಂತಿಕೆ. ಶ್ರೀರಂಗಪಟ್ಟಣದಲ್ಲಿ ಕಾವೇರಿ ದಾಟುವವರೆಗೂ ನಿಂತೇ ಇದ್ದೆ. ಅಕ್ಕ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಕಲ್ಲು ಬೆಂಚಿನಲ್ಲಿ ಕಾಯುತ್ತಿದ್ದಳು. ನನ್ನ ಸ್ಕ್ಯಾನ್ಡ್ ಕಾಪಿಯನ್ನು ಪೂರ್ತಿ ನೋಡಿ, ಮೊಬೈಲ್ ವಾಪಸ್ ಕೊಟ್ಟು, "ಸೆಕೆಂಡ್ ಪಿಯುಸಿ ಆಮೇಲೆ. ಮೊದ್ಲು ಫಸ್ಟ್ ಪಿಯುಸಿ ಹೆಸ್ ನಿಯಮ ಹೇಳು" ಅಂದಳು.

ನನಗೆ ರೇಗಿತು. ಇರುವುದೇ ಎರಡು ವಾರ, ಪರೀಕ್ಷೆಗೆ ಬಾರದ ಪಾಠ ಯಾಕೆ? ಈಗ ಹೇಳುತ್ತೇನೆ, ಅಲ್ಲಿಂದ ಶುರು ಮಾಡಿದ್ದೇ ಒಳ್ಳೆಯದಾಯಿತು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ ಓದಿ ಬಂದ ನಾನು ಫಸ್ಟ್ ಪಿಯುಸಿಯ ಅರ್ಧ ವರ್ಷ ಇಂಗ್ಲಿಷ್ ಅರ್ಥ ಮಾಡಿಕೊಳ್ಳುವುದರಲ್ಲೇ ಕಳೆದಿದ್ದೆ. ಹೆಸ್ ಬಂದು ಹೋಗಿದ್ದು ಆ ಅರ್ಧದಲ್ಲೇ.

ಜಿನೀವಾದಲ್ಲಿ ಹುಟ್ಟಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಕೆಲಸ ಮಾಡಿದ ಮನುಷ್ಯ ಈ ಹೆಸ್. 1840ರಲ್ಲಿ ಈ ನಿಯಮ ಹೇಳಿದ. ಕ್ರಿಯೆ ಒಂದೇ ಹೆಜ್ಜೆಯಲ್ಲಿ ನಡೆಯಲಿ, ಹತ್ತು ಹೆಜ್ಜೆಯಲ್ಲಿ ನಡೆಯಲಿ, ಒಟ್ಟು ಶಾಖದ ಲೆಕ್ಕ ಒಂದೇ. "ಮೈಸೂರಲ್ಲಿ ಇದನ್ನ ಹೇಳ್ಕೊಡೋರೆಲ್ಲ ಚಾಮುಂಡಿ ಬೆಟ್ಟನ ಎಳ್ಕೊಂಡ್ ಬರ್ತಾರೆ, ಮೆಟ್ಟಿಲು ಹತ್ತಿದ್ರೂ ಬಸ್ಸಲ್ಲಿ ಹೋದ್ರೂ ಎತ್ತರ ಒಂದೇ ಅಂತ. ನಾನ್ ಬೆಟ್ಟ ಹೇಳಲ್ಲ, ನಿಮ್ಮಪ್ಪನ ಆಸಿಡ್ ಹೇಳ್ತೀನಿ," ಅಂದಳು ಅಕ್ಕ. ಹೆಸ್ ಅಳೆದಿದ್ದು ಸಲ್ಫ್ಯೂರಿಕ್ ಆಸಿಡ್‌ನ ಶಾಖವನ್ನು. ಆಸಿಡ್‌ಗೆ ಮೊದಲು ನೀರು ಬೆರೆಸಿ ಆಮೇಲೆ ಅಮೋನಿಯಾ ಹಾಕಿದರೂ, ಕಡಿಮೆ ನೀರು ಬೆರೆಸಿ ಹಾಕಿದರೂ, ಎರಡು ಹೆಜ್ಜೆಯ ಶಾಖ ಸೇರಿಸಿದರೆ ಮೊತ್ತ ಅಷ್ಟೇ ಬರುತ್ತಿತ್ತು. ಆಸಿಡ್ ಬೆರೆಸುವಾಗ ಕ್ಯಾನು ಕೈ ಇಡಲಾಗದಷ್ಟು ಬಿಸಿಯಾಗುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಅಪ್ಪ ಯಾವಾಗಲೂ ನೀರಿಗೆ ಆಸಿಡ್ ಹಾಕುತ್ತಾನೆ, ಆಸಿಡ್‌ಗೆ ನೀರು ಹಾಕುವುದಿಲ್ಲ. ಆ ಬಿಸಿಯನ್ನು ಯಾರೋ ಕೂತು ಅಳೆದು ನಿಯಮ ಮಾಡಿದ್ದಾರೆ ಅಂತ ಗೊತ್ತಿರಲಿಲ್ಲ.

ಮೊದಲ ಲೆಕ್ಕ ಕಾರ್ಬನ್ ಮಾನಾಕ್ಸೈಡ್‌ನದು. ಇದ್ದಿಲನ್ನು ಅರ್ಧಂಬರ್ಧ ಸುಟ್ಟು ಬರೀ ಮಾನಾಕ್ಸೈಡ್ ಪಡೆದು ಶಾಖ ಅಳೆಯಲು ಆಗುವುದಿಲ್ಲ, ಜೊತೆಗೆ ಡೈಆಕ್ಸೈಡೂ ಬಂದೇ ಬರುತ್ತದೆ. ಆದರೆ ಅಳೆಯಲು ಆಗುವ ಎರಡು ಕ್ರಿಯೆ ಇವೆ. ಡೆಲ್ಟಾ ಎಚ್ ಅಂದರೆ ಆ ಕ್ರಿಯೆಯ ಶಾಖದ ಲೆಕ್ಕ, ಮೈನಸ್ ಇದ್ದರೆ ಶಾಖ ಹೊರಗೆ ಬಂತು ಅಂತ.

ಕಾರ್ಬನ್ + ಆಕ್ಸಿಜನ್ → ಕಾರ್ಬನ್ ಡೈಆಕ್ಸೈಡ್, ಡೆಲ್ಟಾ ಎಚ್ −393.5 ಕಿಲೋಜೂಲ್
ಕಾರ್ಬನ್ ಮಾನಾಕ್ಸೈಡ್ + ½ ಆಕ್ಸಿಜನ್ → ಕಾರ್ಬನ್ ಡೈಆಕ್ಸೈಡ್, ಡೆಲ್ಟಾ ಎಚ್ −283.0

ನಮಗೆ ಮಾನಾಕ್ಸೈಡ್ ಬಲಗಡೆ ಬೇಕು. ಎರಡನೆಯದನ್ನು ತಿರುಗಿಸಿ ಬರೆದರೆ ಚಿಹ್ನೆಯೂ ತಿರುಗಿ +283.0 ಆಗುತ್ತದೆ. ಈಗ ಕೂಡಿಸು ಅಂದಳು. ನಾನು ಎಡಗಡೆಯ ಆಕ್ಸಿಜನ್ನೂ ಬಲಗಡೆಯ ಆಕ್ಸಿಜನ್ನೂ ಎರಡನ್ನೂ ಹೊಡೆದು ಹಾಕಿದೆ.

"ನೀನು ನಂಗೆ 100 ಕೊಡ್ಬೇಕು, ನಾನು ನಿಂಗೆ 50 ಕೊಡ್ಬೇಕು. ಎರಡೂ ಹೊಡೆದ್ ಹಾಕ್ಬಿಟ್ರೆ ನನ್ನ 50 ಎಲ್ಲೋಯ್ತು?"

ಒಂದರಲ್ಲಿ ಅರ್ಧ ಹೋಗಿ ಎಡಗಡೆ ಅರ್ಧ ಉಳಿಯಬೇಕು. ಕಾರ್ಬನ್ + ½ ಆಕ್ಸಿಜನ್ → ಕಾರ್ಬನ್ ಮಾನಾಕ್ಸೈಡ್, −110.5. ಇಷ್ಟು ಸಣ್ಣ ವಿಷಯ. ಎರಡು ವರ್ಷ ಇದನ್ನೇ ತಪ್ಪು ಮಾಡುತ್ತಿದ್ದೆ ಅಂತ ಅವತ್ತು ಗೊತ್ತಾಯಿತು.

ಅಕ್ಕ ಹೇಳಿಕೊಟ್ಟ ಕ್ರಮ ನನಗೆ ತುಂಬಾ ಸಹಾಯಕ್ಕೆ ಬಂತು. ಬೇಕಾದ ಸಮೀಕರಣವನ್ನು ಹಾಳೆಯ ಮೇಲ್ಗಡೆ ಬರೆದು ಸುತ್ತ ಡಬ್ಬಿ ಹಾಕಬೇಕು. ಕೊಟ್ಟಿರುವ ಸಮೀಕರಣಗಳ ಪೈಕಿ ಒಂದೇ ಒಂದು ಸಮೀಕರಣದಲ್ಲಿ ಕಾಣಿಸುವ ಪದಾರ್ಥ ಯಾವುದು ಅಂತ ಹುಡುಕಿ, ಅದರಿಂದ ಶುರು ಮಾಡಬೇಕು. ಅದು ಯಾವ ಪಕ್ಕದಲ್ಲಿ, ಎಷ್ಟು ಬೇಕೋ ಹಾಗೆ ತಿರುಗಿಸಿ, ಗುಣಿಸಿ. ಆಕ್ಸಿಜನ್ ಥರ ಎಲ್ಲ ಕಡೆ ತಲೆ ಹಾಕುವವರನ್ನು ಮೊದಲು ಮುಟ್ಟಲೇಬಾರದು, ಉಳಿದವರು ಸರಿಯಾದರೆ ಅವರು ತಾವಾಗಿ ಸರಿಯಾಗುತ್ತಾರೆ. ಗುಣಿಸಿದ ಮೇಲೆ ಇಡೀ ಸಮೀಕರಣವನ್ನು ಹೊಸದಾಗಿ ಬರೆಯಬೇಕು. ಹಳೆಯದರ ಮುಂದೆ ಸಣ್ಣದಾಗಿ "ಇಂಟು 2" ಅಂತ ಬರೆದು ಬಿಟ್ಟರೆ ಒಂದು ಪದಾರ್ಥ ಗುಣಿಸುವುದು ಮರೆತೇ ಹೋಗುತ್ತದೆ. ನಾನಂತೂ ಪ್ರತಿ ಸಲ ಮರೆತಿದ್ದೇನೆ.

ಮನೆಗೆ ಕೊಟ್ಟ ಲೆಕ್ಕ ಮೀಥೇನ್‌ನದು. ಇದೇ ನನ್ನ ಒಂದು ಇಡೀ ಸಂಜೆ ತಿಂದಿದ್ದು. ಕಾರ್ಬನ್ + 2 ಹೈಡ್ರೋಜನ್ → ಮೀಥೇನ್ ಬೇಕು. ಕಾರ್ಬನ್ ಸುಡುವುದು −393.5. ಮೀಥೇನ್ ಸುಡುವುದು −890.3, ತಿರುಗಿಸಿದರೆ +890.3. ಹೈಡ್ರೋಜನ್ ಸುಟ್ಟು ನೀರಾಗುವುದನ್ನು ಎರಡರಿಂದ ಗುಣಿಸಬೇಕು. ಪುಸ್ತಕದ ಹಿಂದಿನ ಪಟ್ಟಿಯಲ್ಲಿ ನೀರಿಗೆ −241.8 ಕಂಡಿತು. ಹಾಕಿದೆ. ಉತ್ತರ +13.2 ಬಂತು. ಬರಬೇಕಾದ್ದು −74.8.

ಚಿಹ್ನೆ ನೋಡಿದೆ, ಸರಿ. ಗುಣಿಸಿದ್ದು ಸರಿ. ಪರಮಾಣು ಎಣಿಸಿದೆ, ಸರಿ. ಊಟಕ್ಕೆ ಕರೆದರೂ ಏಳಲಿಲ್ಲ. ಅವ್ವ ಬಂದು, "ಯಾವನ್ ಹೆಂಗಾದ್ರೂ ಸುಟ್ಕಳ್ಳಿ, ನೀನು ಬಂದು ಮುದ್ದೆ ಉಣ್ಣು" ಅಂದಳು. ಉಂಡು ಬಂದು ಮತ್ತೆ ಕೂತೆ. ರಾತ್ರಿ ಹತ್ತೂವರೆಗೆ ಕಣ್ಣಿಗೆ ಬಿತ್ತು. −241.8ರ ಪಕ್ಕದಲ್ಲಿ ಆವಿ ಅಂತ ಗುರುತು ಇತ್ತು. ಮೀಥೇನಿನ ಸಮೀಕರಣದಲ್ಲಿ ಇದ್ದದ್ದು ದ್ರವ ನೀರು. ದ್ರವ ನೀರಿನದು −285.8. ಒಂದು ಮೋಲ್‌ಗೆ 44 ವ್ಯತ್ಯಾಸ, ಎರಡಕ್ಕೆ 88. ನನ್ನ ಉತ್ತರಕ್ಕೂ ಪುಸ್ತಕದ ಉತ್ತರಕ್ಕೂ ಇದ್ದ ಅಂತರ ಸರಿಯಾಗಿ 88!

ಆವಿಯನ್ನೂ ನೀರನ್ನೂ ಒಂದೇ ಅಂತ ಹೊಡೆದು ಹಾಕಿದ್ದೆ. ಹೆಸರು ಒಂದೇ ಇರಬಹುದು, ಆದರೆ ಕುದಿಯುವ ಪಾತ್ರೆಯ ಹಬೆಗೆ ಕೈ ಕೊಟ್ಟವರಿಗೆ ಅವೆರಡೂ ಬೇರೆ ಅಂತ ಹೇಳಬೇಕಿಲ್ಲ. ಆವತ್ತಿನಿಂದ ಲೆಕ್ಕ ಶುರು ಮಾಡುವ ಮುಂಚೆ ಪ್ರತಿ ಪದಾರ್ಥದ ಪಕ್ಕ ಘನವೋ ದ್ರವವೋ ಅನಿಲವೋ ಅಂತ ಬರೆದುಕೊಂಡೇ ಮುಂದಕ್ಕೆ ಹೋಗುತ್ತೇನೆ. ಅಕ್ಕನಿಗೆ ರಾತ್ರಿಯೇ ಮೆಸೇಜ್ ಹಾಕಿದೆ. ಬೇಕೆಂತಲೇ ಹೇಳಿರಲಿಲ್ಲವಂತೆ.

ಎರಡನೇ ಭೇಟಿಯಲ್ಲಿ ಸೆಕೆಂಡ್ ಪಿಯುಸಿಗೆ ಬಂದೆವು. ಮೆಗ್ನೀಷಿಯಂ ಎರಡು ಎಲೆಕ್ಟ್ರಾನ್ ಬಿಡುತ್ತದೆ, ಬೆಳ್ಳಿಯ ಅಯಾನ್ ಒಂದೇ ತೆಗೆದುಕೊಳ್ಳುತ್ತದೆ. ಬೆಳ್ಳಿಯದನ್ನು ಎರಡರಿಂದ ಗುಣಿಸಿ ಕೂಡಿಸಿದರೆ ಎಲೆಕ್ಟ್ರಾನ್‌ಗಳು ಎರಡೂ ಕಡೆ ಪೂರ್ತಿ ಹೋಗುತ್ತವೆ. ಮೆಗ್ನೀಷಿಯಂ + 2 ಬೆಳ್ಳಿ ಅಯಾನ್ → ಮೆಗ್ನೀಷಿಯಂ ಅಯಾನ್ + 2 ಬೆಳ್ಳಿ. ನನ್ನ ಉತ್ತರ ಪತ್ರಿಕೆಯಲ್ಲಿ ಆ 2 ಇರಲೇ ಇಲ್ಲ. ಕೂಡಿಸಿದ ಮೇಲೆ ಪರಮಾಣು ಅಷ್ಟೇ ಅಲ್ಲ, ಚಾರ್ಜ್ ಕೂಡ ಎರಡೂ ಕಡೆ ಸಮ ಇದೆಯಾ ಅಂತ ನೋಡಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿತ್ತು. ಎಡಗಡೆ ಒಂದು ಪ್ಲಸ್, ಬಲಗಡೆ ಎರಡು ಪ್ಲಸ್.

ಆದರೆ ತಮಾಷೆ ಏನೆಂದರೆ, ಸಮೀಕರಣದಲ್ಲಿ ಗುಣಿಸಲು ಮರೆತ ನಾನು ವೋಲ್ಟಿನಲ್ಲಿ ಗುಣಿಸಿದ್ದೆ. ಬೆಳ್ಳಿಯ 0.80ನ್ನು 1.60 ಮಾಡಿ, ಮೆಗ್ನೀಷಿಯಂನ 2.37 ಸೇರಿಸಿ 3.97 ಬರೆದಿದ್ದೆ. ಸರಿ ಉತ್ತರ 3.17. ಡೆಲ್ಟಾ ಎಚ್ ಗುಣಿಸಬೇಕು, ವೋಲ್ಟ್ ಗುಣಿಸಬಾರದು. ಯಾಕೆ? ಅಕ್ಕ ಒಂದು ಸೂತ್ರ ತೋರಿಸಿದಳು. ಡೆಲ್ಟಾ ಜಿ (ಸೆಲ್ಲಿನಿಂದ ಕೆಲಸಕ್ಕೆ ಸಿಗುವ ಶಕ್ತಿ) ಲೆಕ್ಕಕ್ಕೆ ಎಲೆಕ್ಟ್ರಾನ್ ಸಂಖ್ಯೆ, 96500 (ಒಂದು ಮೋಲ್ ಎಲೆಕ್ಟ್ರಾನಿನ ಚಾರ್ಜ್) ಮತ್ತು ವೋಲ್ಟ್ ಮೂರನ್ನೂ ಗುಣಿಸುತ್ತೇವೆ. ಸಮೀಕರಣ ಎರಡು ಪಟ್ಟಾದರೆ ಎಲೆಕ್ಟ್ರಾನ್ ಸಂಖ್ಯೆ ಎರಡು ಪಟ್ಟಾಗುತ್ತದೆ, ವೋಲ್ಟ್ ಇದ್ದಲ್ಲೇ ಇರುತ್ತದೆ. ಅರ್ಥವಾಯಿತು ಅಂತ ತಲೆಯಾಡಿಸಿದೆ. ಆಗಿರಲಿಲ್ಲ.

ಅದನ್ನು ಅರ್ಥ ಮಾಡಿಸಿದ್ದು ಅಪ್ಪ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಅಂಗಡಿಯಲ್ಲಿ ಓದುತ್ತಾ ಗೊಣಗುತ್ತಿದ್ದೆ. ಏನವ್ವ ಅಂದ. ಸಾಮಾನು ಎರಡರಷ್ಟು ಹಾಕಿದರೂ ವೋಲ್ಟ್ ಯಾಕೆ ಜಾಸ್ತಿ ಆಗಲ್ಲ ಅಂತ ಕೇಳಿದೆ. ಅಪ್ಪ ಒಂದು ಕೈಯಲ್ಲಿ ಬೈಕಿನ ಬ್ಯಾಟರಿ ಎತ್ತಿದ, ಕಾಲಿನಿಂದ ಟ್ರಾಕ್ಟರ್ ಬ್ಯಾಟರಿ ತೋರಿಸಿದ.

"ಇದೆಷ್ಟು ವೋಲ್ಟು?"

"ಹನ್ನೆರಡು."

"ಅದು?"

"ಅದೂ ಹನ್ನೆರಡೇ."

"ಮತ್ತೆ? ಪ್ಲೇಟ್ ದಪ್ಪ ಹಾಕಿದ್ರೆ ಜಾಸ್ತಿ ಹೊತ್ತು ಬತ್ತದೆ. ವೋಲ್ಟ್ ಬತ್ತದಾ?"

ಎರಡು ಬ್ಯಾಟರಿಯ ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಸೇರಿಸಿದರೆ ವೋಲ್ಟ್ ಹನ್ನೆರಡೇ, ಆಂಪಿಯರ್ ಅವರ್, ಅಂದರೆ ಎಷ್ಟು ಹೊತ್ತು ಬರುತ್ತದೆ ಅನ್ನುವ ಲೆಕ್ಕ, ಎರಡರಷ್ಟು. ನಾನು ಇದನ್ನು ನೂರು ಸಲ ನೋಡಿದ್ದೇನೆ, ವೈರ್ ಕೂಡ ಹಿಡಿದಿದ್ದೇನೆ. ಸಮೀಕರಣವನ್ನು ಎರಡರಿಂದ ಗುಣಿಸುವುದು ಅಂದರೆ ಹಾಗೆ ಪಕ್ಕಪಕ್ಕ ಸೇರಿಸಿದ ಹಾಗೆ. ಸಾಲಾಗಿ ಸೇರಿಸಿದರೆ ವೋಲ್ಟ್ ಏರುತ್ತದಲ್ಲ ಅಂತ ನನ್ನ ತಲೆಗೂ ಬಂತು. ಅದು ಬೇರೆ ಕಥೆ, ಅಲ್ಲಿ ಒಂದೇ ಎಲೆಕ್ಟ್ರಾನ್ ಎರಡು ಸೆಲ್ಲಿನ ತಳ್ಳು ತಿಂದು ಬರುತ್ತದೆ. ಸಮೀಕರಣ ಗುಣಿಸಿದಾಗ ಎಲೆಕ್ಟ್ರಾನ್ ಜಾಸ್ತಿ, ಒಂದೊಂದಕ್ಕೂ ಬೀಳುವ ತಳ್ಳು ಅಷ್ಟೇ.

ಆವತ್ತು ಮಾತು ಬೆಳೆದು ಲೆಡ್ ಬ್ಯಾಟರಿಗೆ ಬಂತು. ಸೊನ್ನೆ ಬಂದಿದ್ದನ್ನೂ ಹೇಳಿಬಿಟ್ಟೆ. ಅಪ್ಪ ನಕ್ಕ, ಬೇಜಾರು ಮಾಡಿಕೊಳ್ಳಲಿಲ್ಲ. ರಸೀದಿ ಬುಕ್ಕಿನ ಹಿಂದೆ ಬರೆದು ತೋರಿಸಿದೆ.

ಮೈನಸ್ ಪ್ಲೇಟ್: ಲೆಡ್ + ಸಲ್ಫೇಟ್ ಅಯಾನ್ → ಲೆಡ್ ಸಲ್ಫೇಟ್ + 2 ಎಲೆಕ್ಟ್ರಾನ್
ಪ್ಲಸ್ ಪ್ಲೇಟ್: ಲೆಡ್ ಡೈಆಕ್ಸೈಡ್ + ಸಲ್ಫೇಟ್ ಅಯಾನ್ + 4 ಹೈಡ್ರೋಜನ್ ಅಯಾನ್ + 2 ಎಲೆಕ್ಟ್ರಾನ್ → ಲೆಡ್ ಸಲ್ಫೇಟ್ + 2 ನೀರು

ನಾನು ಪರೀಕ್ಷೆಯಲ್ಲಿ ಲೆಡ್ ಸಲ್ಫೇಟ್ ಎರಡು ಕಡೆ ಇದೆ ಅಂತ ಅದನ್ನೇ ಹೊಡೆದು ಹಾಕಿದ್ದೆ. ಎರಡೂ ಬಾಣದ ಬಲಗಡೆಯೇ ಇವೆ! ಒಂದೇ ಪಕ್ಕದಲ್ಲಿ ಇದ್ದರೆ ಕೂಡಬೇಕು, ಎದುರುಬದುರು ಇದ್ದರೆ ಮಾತ್ರ ಕಳೆಯಬೇಕು. ಸರಿಯಾಗಿ ಕೂಡಿದರೆ ಎರಡು ಸಲ್ಫೇಟ್, ನಾಲ್ಕು ಹೈಡ್ರೋಜನ್ ಅಯಾನ್, ಅಂದರೆ ಎರಡು ಸಲ್ಫ್ಯೂರಿಕ್ ಆಸಿಡ್.

ಲೆಡ್ + ಲೆಡ್ ಡೈಆಕ್ಸೈಡ್ + 2 ಸಲ್ಫ್ಯೂರಿಕ್ ಆಸಿಡ್ → 2 ಲೆಡ್ ಸಲ್ಫೇಟ್ + 2 ನೀರು

ಅಪ್ಪ ಓದಿಸಿಕೊಂಡು ಕೇಳಿದ. "ಅಂದ್ರೆ ಬ್ಯಾಟ್ರಿ ಇಳೀತಾ ಇಳೀತಾ ಆಸಿಡ್ ಕಮ್ಮಿ ಆಗಿ ನೀರು ಜಾಸ್ತಿ ಆಯ್ತದೆ ಅಂತ ತಾನೆ ಬರ್ದಿರೋದು? ಅದಕ್ಕೇ ಅಲ್ವಾ ನಾನು ಗ್ರಾವಿಟಿ ನೋಡೋದು." ಆಸಿಡ್ ಎಷ್ಟು ಗಟ್ಟಿ ಇದೆ ಅಂತ ತೋರಿಸುವ ಹೈಡ್ರೋಮೀಟರ್ ತಂದು ಚಾರ್ಜ್ ಆದ ಬ್ಯಾಟರಿಗೆ ಇಟ್ಟ, 1.25ರ ಮೇಲೆ ನಿಂತಿತು. ಇಳಿದು ಹೋಗಿದ್ದ ಟ್ರಾಕ್ಟರ್ ಬ್ಯಾಟರಿಗೆ ಇಟ್ಟ, ಬುರುಡೆ ತಳಕ್ಕೆ ಮುಳುಗಿತು. ದಿನಾ ನೋಡುವ ಆ ಗಾಜಿನ ಕೊಳವೆ ನನ್ನ ಸಮೀಕರಣದ ಬಲಗಡೆಯ "2 ನೀರು" ಅನ್ನುವುದನ್ನೇ ಓದುತ್ತಿತ್ತು. ಇನ್ನು ಜನ್ಮದಲ್ಲಿ ಆ ಸಮೀಕರಣ ಮರೆಯುವುದಿಲ್ಲ.

ಹೈಡ್ರೋಜನ್ ಪೆರಾಕ್ಸೈಡ್‌ನದು ಬೇಗ ಹೇಳಿಬಿಡುತ್ತೇನೆ. ಮೊದಲ ಹಂತದಲ್ಲಿ ಪೆರಾಕ್ಸೈಡ್ ಅಯೋಡೈಡ್ ಜೊತೆ ಸೇರಿ ನೀರು ಮತ್ತು ಹೈಪೋಅಯೋಡೈಟ್ ಆಗುತ್ತದೆ, ಎರಡನೇ ಹಂತದಲ್ಲಿ ಇನ್ನೊಂದು ಪೆರಾಕ್ಸೈಡ್ ಆ ಹೈಪೋಅಯೋಡೈಟ್ ಜೊತೆ ಸೇರಿ ನೀರು, ಆಕ್ಸಿಜನ್, ಅಯೋಡೈಡ್ ಕೊಡುತ್ತದೆ. ಕೂಡಿಸಿದರೆ 2 ಪೆರಾಕ್ಸೈಡ್ → 2 ನೀರು + ಆಕ್ಸಿಜನ್. ಮೊದಲು ಬಂದು ಕೊನೆಗೆ ಹಾಗೇ ವಾಪಸ್ ಸಿಗುವ ಅಯೋಡೈಡ್ ಕ್ಯಾಟಲಿಸ್ಟ್. ಮಧ್ಯದಲ್ಲಿ ಹುಟ್ಟಿ ಮಧ್ಯದಲ್ಲೇ ಖರ್ಚಾಗುವ ಹೈಪೋಅಯೋಡೈಟ್ ಇಂಟರ್‌ಮೀಡಿಯೆಟ್. ಎರಡೂ ಕಳೆದು ಹೋಗುತ್ತವೆ, ಆದರೆ ಯಾವುದು ಯಾವುದು ಅಂತ ಕೇಳುತ್ತಾರೆ. ಇನ್ನೊಂದು ಗುಂಡಿ ಇಲ್ಲಿದೆ, ನಾನು ಬಿದ್ದಿದ್ದೆ. ಒಟ್ಟು ಸಮೀಕರಣ ನೋಡಿ ಕ್ರಿಯೆಯ ವೇಗದ ಸೂತ್ರ ಬರೆಯಬಾರದು. ವೇಗ ನಿರ್ಧರಿಸುವುದು ನಿಧಾನದ ಮೊದಲ ಹಂತ, ಅದಕ್ಕೆ ಕಳೆದು ಹೋದ ಅಯೋಡೈಡ್ ವೇಗದ ಸೂತ್ರದಲ್ಲಿ ಬಂದು ಕೂರುತ್ತದೆ.

ಮೂರನೇ ಸಲ ಮೈಸೂರಿಗೆ ಹೋದಾಗ ಅಕ್ಕನಿಗೆ ಲ್ಯಾಬ್ ಮುಗಿದಿರಲಿಲ್ಲ, ಎರಡು ಗಂಟೆ ಕಾಯ್ದು ಕಡಲೆಕಾಯಿ ತಿಂದು ಬಂದೆ. ಹತ್ತೇ ನಿಮಿಷ ಸಿಕ್ಕಿ, "ಸಕ್ಕರೆ ಫ್ಯಾಕ್ಟರಿನಲ್ಲಿ ಕಬ್ಬಿನ ಹಾಲು ಬೆಳ್ಳಗೆ ಹೆಂಗ್ ಮಾಡ್ತಾರೆ ಕೇಳ್ಕೊಂಡು ಸಮೀಕರಣ ಕೂಡ್ಸು" ಅಂದು ಓಡಿದಳು. ಸೋದರಮಾವ ಸಕ್ಕರೆ ಕಾರ್ಖಾನೆಯಲ್ಲಿದ್ದು ರಿಟೈರ್ ಆದವರು. ಕೇಳಿದ್ದೇ ತಡ, ಕಾಫಿ ಆರಿ ಹೋಗುವವರೆಗೂ ಹೇಳಿದರು. ಗಂಧಕ ಸುಟ್ಟು ಹೊಗೆ ಮಾಡುತ್ತಾರೆ, ಸುಟ್ಟ ಸುಣ್ಣಕ್ಕೆ ನೀರು ಹಾಕಿ ಸುಣ್ಣದ ಹಾಲು ಮಾಡುತ್ತಾರೆ, ಎರಡನ್ನೂ ಕಬ್ಬಿನ ಹಾಲಿಗೆ ಬಿಡುತ್ತಾರೆ, ಎರಡೂ ಸೇರಿ ಆಗುವ ಗಸಿ ಕೊಳೆಯನ್ನು ಹೊತ್ತುಕೊಂಡು ಕೆಳಗೆ ಕೂರುತ್ತದೆ.

ಗಂಧಕ + ಆಕ್ಸಿಜನ್ → ಸಲ್ಫರ್ ಡೈಆಕ್ಸೈಡ್
ಸಲ್ಫರ್ ಡೈಆಕ್ಸೈಡ್ + ನೀರು → ಸಲ್ಫ್ಯೂರಸ್ ಆಸಿಡ್
ಕ್ಯಾಲ್ಸಿಯಂ ಆಕ್ಸೈಡ್ + ನೀರು → ಕ್ಯಾಲ್ಸಿಯಂ ಹೈಡ್ರಾಕ್ಸೈಡ್
ಕ್ಯಾಲ್ಸಿಯಂ ಹೈಡ್ರಾಕ್ಸೈಡ್ + ಸಲ್ಫ್ಯೂರಸ್ ಆಸಿಡ್ → ಕ್ಯಾಲ್ಸಿಯಂ ಸಲ್ಫೈಟ್ + 2 ನೀರು

ನಾಲ್ಕನ್ನೂ ಕೂಡಿದೆ. ಎಡಗಡೆ ಎರಡು ನೀರು, ಬಲಗಡೆ ಎರಡು ನೀರು. ಉಳಿದಿದ್ದು ಗಂಧಕ + ಆಕ್ಸಿಜನ್ + ಕ್ಯಾಲ್ಸಿಯಂ ಆಕ್ಸೈಡ್ → ಕ್ಯಾಲ್ಸಿಯಂ ಸಲ್ಫೈಟ್. ಟ್ಯಾಂಕ್‌ಗಟ್ಟಲೆ ಕಬ್ಬಿನ ಹಾಲಿನ ಒಳಗೆ ನಡೆದ ಕೆಲಸ, ಉತ್ತರದಲ್ಲಿ ಒಂದು ಹನಿ ನೀರಿಲ್ಲ. ಮಾವನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿ, "ಇಷ್ಟೇನಾ? ಇದಕ್ಕೆ ಮೂವತ್ತು ವರ್ಷ ಬೆವರು ಸುರಿಸ್ದ್ನಾ ನಾನು?" ಅಂದರು.

ನಾಲ್ಕನೇ ಸಲ ಹೋಗಲಿಲ್ಲ, ಅಕ್ಕನೇ ಬೇಡ ಅಂದಳು. ರೀವ್ಯಾಲ್ಯುಯೇಷನ್‌ಗೆ ಎತ್ತಿಟ್ಟಿದ್ದ 1670ನ್ನು ಅವ್ವನಿಗೆ ವಾಪಸ್ ಕೊಟ್ಟೆ.

ಹಾಲ್ ಟಿಕೆಟ್ ಕಾಲೇಜಿನಿಂದ ತರಬೇಕು, ಪ್ರಿನ್ಸಿಪಾಲರ ಸಹಿ, ಸೀಲು ಇದೆಯಾ ನೋಡಿಕೊಳ್ಳಿ. ನನ್ನದಕ್ಕೆ ಸೀಲು ಬಿದ್ದಿರಲಿಲ್ಲ, ಗೇಟಿನಿಂದ ವಾಪಸ್ ಹೋಗಿ ಹಾಕಿಸಿಕೊಂಡೆ. ಸೆಂಟರ್ ಬೇರೆ ಕಾಲೇಜು. ರೂಮಿನಲ್ಲಿ ಗುರುತಿನವರು ಯಾರೂ ಇರಲಿಲ್ಲ, ಅದು ಒಂದು ಥರ ನೆಮ್ಮದಿ.

ಪ್ರಶ್ನೆ ಪತ್ರಿಕೆಯಲ್ಲಿ ಫ್ಯುಯಲ್ ಸೆಲ್ ಇತ್ತು, ಹೈಡ್ರೋಜನ್ ಮತ್ತು ಆಕ್ಸಿಜನ್ ಸೇರಿಸಿ ಕರೆಂಟು ಮಾಡುವ ಸೆಲ್. ಆನೋಡಿನಲ್ಲಿ 2 ಹೈಡ್ರೋಜನ್ ಮತ್ತು 4 ಹೈಡ್ರಾಕ್ಸೈಡ್ ಸೇರಿ 4 ನೀರು, 4 ಎಲೆಕ್ಟ್ರಾನ್. ಕ್ಯಾಥೋಡಿನಲ್ಲಿ ಆಕ್ಸಿಜನ್, 2 ನೀರು, 4 ಎಲೆಕ್ಟ್ರಾನ್ ಸೇರಿ 4 ಹೈಡ್ರಾಕ್ಸೈಡ್. ಎಲೆಕ್ಟ್ರಾನ್ ಪೂರ್ತಿ ಹೋಯಿತು, ಹೈಡ್ರಾಕ್ಸೈಡ್ ಪೂರ್ತಿ ಹೋಯಿತು. ನೀರಿನ ಹತ್ತಿರ ಪೆನ್ನು ನಿಂತಿತು. ನನ್ನ 50 ಎಲ್ಲೋಯ್ತು ಅನ್ನುವ ಅಕ್ಕನ ಮಾತು ಕೇಳಿಸಿತು. ನಾಲ್ಕರಲ್ಲಿ ಎರಡು ಹೋಗಿ ಬಲಗಡೆ ಎರಡು ಉಳಿಯಿತು. 2 ಹೈಡ್ರೋಜನ್ + ಆಕ್ಸಿಜನ್ → 2 ನೀರು. ಪರಮಾಣು ಎಣಿಸಿದೆ, ಚಾರ್ಜ್ ಎಣಿಸಿದೆ, ಮುಂದಕ್ಕೆ ಹೋದೆ.

ರಿಸಲ್ಟ್ ಕಾಯುವುದು ಪರೀಕ್ಷೆಗಿಂತ ಕಷ್ಟವಾಗಿತ್ತು. ಬಂದಾಗ ಥಿಯರಿಯಲ್ಲಿ 44. ರ‍್ಯಾಂಕೇನಲ್ಲ. ಅಕ್ಕ "44 ಕಿಲೋಜೂಲ್, ನೀರು ಆವಿ ಆಗೋಷ್ಟು" ಅಂತ ಮೆಸೇಜ್ ಹಾಕಿದಳು. ಒಟ್ಟು ಖರ್ಚು ಸ್ಕ್ಯಾನ್ಡ್ ಕಾಪಿ, ಸೈಬರ್, ಪರೀಕ್ಷೆ ಫೀ, ಒಂದು ದಿನದ ಬಸ್ ಟಿಕೆಟ್, ಮೈಸೂರಿನ ಎರಡು ಮಸಾಲೆ ದೋಸೆ ಸೇರಿ ಸಾವಿರದ ಒಳಗೆ.

ಮೊನ್ನೆ ಅಂಗಡಿಯಲ್ಲಿ ಅಪ್ಪ ಹೊಸ ತಕರಾರು ತೆಗೆದ. ರಸೀದಿ ಬುಕ್ಕಿನ ಹಿಂದಿನ ಸಮೀಕರಣ ಇನ್ನೂ ಇಟ್ಟುಕೊಂಡಿದ್ದಾನೆ.

"ಚಾರ್ಜ್ ಮಾಡಿದ್ರೆ ಇದೇ ಉಲ್ಟಾ ಆಯ್ತದೆ ಅಂದಲ್ಲವ್ವ. ಇಳಿದಾಗ ಎರಡು ನೀರು ಬಂತು, ಚಾರ್ಜಲ್ಲಿ ಎರಡು ನೀರು ಹೋಯ್ತು. ಲೆಕ್ಕ ಚುಕ್ತಾ. ಮತ್ತೆ ನಾನ್ಯಾಕೆ ತಿಂಗಳಿಗೊಂದ್ಸಲ ಡಿಸ್ಟಿಲ್ಡ್ ವಾಟರ್ ಹಾಕ್ಬೇಕು?"

ಒಂದು ನಿಮಿಷ ಸುಮ್ಮನಿದ್ದೆ. ಸಮೀಕರಣದಲ್ಲಿ ತಪ್ಪಿಲ್ಲ. ಅಲ್ಲಿ ಇನ್ನೊಂದು ಕ್ರಿಯೆಯೂ ನಡೆಯುತ್ತಿದೆ. ಚಾರ್ಜ್ ಜಾಸ್ತಿಯಾದಾಗ ಕರೆಂಟು ನೀರನ್ನೇ ಒಡೆಯುತ್ತದೆ. ಬುಕ್ಕು ತೆಗೆದುಕೊಂಡು ಪರೀಕ್ಷೆಯಲ್ಲಿ ಬರೆದ ಫ್ಯುಯಲ್ ಸೆಲ್ಲಿನ ಉತ್ತರವನ್ನು ತಿರುಗಿಸಿ ಬರೆದೆ. 2 ನೀರು → 2 ಹೈಡ್ರೋಜನ್ + ಆಕ್ಸಿಜನ್.

"ಹೈಡ್ರೋಜನ್ ಅಂದ್ರೆ ಹತ್ಕೊಳೋ ಗ್ಯಾಸು ತಾನೆ?" ಅಂದ ಅಪ್ಪ. ಆಮೇಲೆ ಚಾರ್ಜಿಂಗ್ ಬೆಂಚಿನ ಮೇಲ್ಗಡೆ ಗೋಡೆಗೆ ಇಪ್ಪತ್ತು ವರ್ಷದಿಂದ ಅಂಟಿಸಿರುವ ರಟ್ಟಿನ ಕಡೆ ಬೆರಳು ತೋರಿಸಿದ. ಕೆಂಪು ಬಣ್ಣದಲ್ಲಿ ಅವನದೇ ಸೊಟ್ಟ ಅಕ್ಷರ: ಇಲ್ಲಿ ಬೀಡಿ ಹಚ್ಚಬೇಡಿ.